ಸಹಾಯ ಬೇಕು: ತುಮಕೂರಿನಲ್ಲಿ ಕಾಮಿಕ್ಸ್ ಮಾಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬೀದರ್‌ನಿಂದ ತುಮಕೂರಿಗೆ ಬಂದು ಎರಡು ತಿಂಗಳಾಯ್ತು. ಹಗಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಕಾಮಿಕ್ಸ್ ಬಿಡಿಸುತ್ತೇನೆ. ಸಾಮಾನು ತಂದ ಲಾರಿಯಲ್ಲಿ ಮಳೆನೀರು ನುಗ್ಗಿ ಹದಿನಾಲ್ಕು ಪುಟ ಹಾಳಾದವು. ಮತ್ತೆ ಮೊದಲಿಂದ ಶುರು.

ಮೊದಲ ತಲೆನೋವು ಕಾಗದ. ಇಲ್ಲಿ ಸಿಕ್ಕ ಡ್ರಾಯಿಂಗ್ ಶೀಟ್ ಮೇಲೆ ನಿಬ್ ಇಟ್ಟರೆ ಇಂಕು ಬೇರು ಬಿಟ್ಟ ಹಾಗೆ ಹರಡುತ್ತದೆ. ಕಣ್ಣಿನ ರೆಪ್ಪೆ ಬರೆದರೆ ಜೇಡ ಕೂತಂತೆ ಕಾಣುತ್ತೆ! 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಕ) ಮೇಲ್ಪಟ್ಟ ನುಣುಪು ಕಾಗದ ಬಿ.ಎಚ್. ರಸ್ತೆ ಕಡೆ ಎಲ್ಲಾದರೂ ಬಿಡಿಯಾಗಿ ಸಿಗುತ್ತಾ? ಇದಕ್ಕೇ 70 ಕಿ.ಮೀ. ಬೆಂಗಳೂರಿಗೆ ಹೋಗಿಬರುವುದು ಕಷ್ಟ.

ಇನ್ನೊಂದು, ಮಾತಿನ ಬಲೂನು. ಕನ್ನಡದ ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲು ದೂರ ಮಾಡಿದರೆ ಬಲೂನು ಪಾತ್ರದ ತಲೆ ಮೇಲೇ ಕೂರುತ್ತದೆ. ನೀವು ಕೈಯಲ್ಲೇ ಬರೆಯುತ್ತೀರಾ, ಫಾಂಟ್ ಹಾಕುತ್ತೀರಾ?

ನನ್ನ ಕಥೆಯ ಅಜ್ಜಿ ತುಮಕೂರಿನವರು, ಆದರೆ ಮಾತೆಲ್ಲ ಬೀದರ್‌ದು ಬರ್ತಿದೆ. ಭಾನುವಾರ ಅಮಾನಿಕೆರೆ ಹತ್ತಿರ ಕೂತು ಎರಡು ಪುಟ ಓದಿ ತಿದ್ದುವವರು ಬೇಕು. ಟೀ ನನ್ನದು. ಬರುವವರು ಇಲ್ಲೇ ಕಾಮೆಂಟ್ ಹಾಕಿ.