ಬಸಣ್ಣನ ಟವೆಲ್

ಸಿಂಧನೂರು ಬಸ್ ಸ್ಟ್ಯಾಂಡ್ ಎದುರಿನ ಹೋಟೆಲ್. ಸಂಜೆ ಹೊತ್ತು, ಮಂಡಕ್ಕಿ ಒಗ್ಗರಣೆ, ಮಿರ್ಚಿ. ಮಗನನ್ನು ಬೆಂಗಳೂರು ಬಸ್ ಹತ್ತಿಸಲು ಬಂದಿದ್ದ ಬಸಣ್ಣ ಟಿವಿ ನೋಡಿ ಕಾದುಹೋಗಿದ್ದ.

"ಅಮೆರಿಕದ ಮೇಲೆ ವಲಸೆಯವರ ದಾಳಿ ಅಂತ್ರೀ! 2018ರಲ್ಲೇ ಟ್ರಂಪ್ ಗಡಿಗೆ ಮಿಲಿಟರಿ ಕಳಿಸಿದ್ದರು. ಸುಮ್ನೆ ಕಳಿಸ್ತಾರಾ?"

"ದಾಳಿ ಮಾಡಿದವರ ಕೈಯಲ್ಲಿ ಏನಿತ್ತಪ್ಪಾ?" ಮೇಷ್ಟ್ರು ಕೇಳಿದರು.

"ಚೀಲ... ಕಂಕುಳಲ್ಲಿ ಕೂಸು."

"ಹಂಗಾದ್ರೆ ಇಲ್ಲಿಂದಲೂ ದಿನಾ ರಾತ್ರಿ ಬೆಂಗಳೂರಿಗೆ ದಾಳಿ ಹೊರಡುತ್ತೆ ಬಿಡು."

ಎದುರಿಗೆ ಗುಳೆ ಹೊರಟ ಕುಟುಂಬವೊಂದು ಗಂಟು, ಕೊಡ, ರೊಟ್ಟಿ ಬುತ್ತಿ ಇಟ್ಟುಕೊಂಡು ಕೂತಿತ್ತು. ನಾವೆಲ್ಲ ಅತ್ತ ನೋಡಿ, ಮಿರ್ಚಿ ಕಡೆ ತಿರುಗಿದೆವು.

ಮೇಷ್ಟ್ರು ಬಿಡಲಿಲ್ಲ. ಅಮೆರಿಕದಲ್ಲಿ ವಲಸೆ ಕಚೇರಿ 1940ರವರೆಗೆ ಕಾರ್ಮಿಕ ಇಲಾಖೆಯಲ್ಲಿತ್ತಂತೆ. ಆಮೇಲೆ ನ್ಯಾಯ ಇಲಾಖೆಗೆ ಹೋಯಿತು. 2001ರ ಭಯೋತ್ಪಾದಕ ದಾಳಿ ಆದಮೇಲೆ, 2003ರಲ್ಲಿ ಆಂತರಿಕ ಭದ್ರತೆಯ ಹೊಸ ಇಲಾಖೆಗೆ. "ಬರುವವನು ಅವನೇ, ಚೀಲವೂ ಅದೇ. ಫೈಲು ಟೇಬಲ್ ಬದಲಾಯಿಸಿತು ನೋಡು, ಕೂಲಿಯವನು ಕೇಸಿನವನಾದ, ಆಮೇಲೆ ಶತ್ರುವಾದ."

ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ರಾಜು ನಕ್ಕ. "ತುಂಗಭದ್ರಾ ಡ್ಯಾಂ ನೀರು ಬಂತು ಅಂತ ನಮ್ಮ ತಾತ ಗೋದಾವರಿ ಕಡೆಯಿಂದ ಇಲ್ಲಿಗೆ ಬಂದ. ಆಗ ಟಿವಿ ಇರಲಿಲ್ಲ, ಬಚಾವಾದ. ಪೂರ್ವ ಪಾಕಿಸ್ತಾನದಿಂದ ಬಂದವರಿಗೆ ಇಲ್ಲೇ ನಮ್ಮ ಸಿಂಧನೂರಿನ ಆರ್‌ಎಚ್ ಕ್ಯಾಂಪಿನಲ್ಲಿ ಸರ್ಕಾರವೇ ಭೂಮಿ ಕೊಟ್ಟಿತಲ್ಲ? ಪುನರ್ವಸತಿ ಅಂತ ಬೋರ್ಡ್ ಹಾಕಿತು. ಬೋರ್ಡ್ ಬರೆಯೋನ ಕೈಯಲ್ಲೇ ಇದೆ ಎಲ್ಲಾ!"

"ಭದ್ರತೆ ಅಂದರೆ ಇನ್ನೊಂದು ಲಾಭ," ಅಂದರು ಮೇಷ್ಟ್ರು. "ಲೆಕ್ಕ ಕೇಳೋರು ಬಾಯಿ ಮುಚ್ಕೋತಾರೆ. ದೋಣಿಯಲ್ಲಿ ಬಂದವರನ್ನು ರುವಾಂಡಾಕ್ಕೆ ಕಳಿಸ್ತೀವಿ ಅಂತ ಬ್ರಿಟನ್ 2022ರಲ್ಲಿ ಹೊರಟಿತು. 2024ರಲ್ಲಿ ಹೊಸ ಸರ್ಕಾರ ಬಂದು ಅದನ್ನು ಕೈಬಿಟ್ಟಿತು. ಖರ್ಚಾಗಿದ್ದು 70 ಕೋಟಿ ಪೌಂಡ್ ಅಂತ ಅದರ ಗೃಹಮಂತ್ರಿಯೇ ಹೇಳಿದರು. ಹೋದವರು ನಾಲ್ಕು ಜನ. ಅವರೂ ತಾವಾಗೇ ಒಪ್ಪಿ ಹೋದವರು."

"ನಾಲ್ಕೇ?" ಹುಲಿಗೆಪ್ಪನ ಬಾಯಲ್ಲಿದ್ದ ಮಂಡಕ್ಕಿ ಹಾರಿತು. "ನಮ್ಮೂರಿಗೆ ಇನ್ನೊಂದು ಬಸ್ ಬಿಡ್ರಿ ಅಂದರೆ ದುಡ್ಡಿಲ್ಲ ಅಂತಾರೆ!"

ಬಸಣ್ಣ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬೆಂಗಳೂರು ಬಸ್ ಬಂತು. ಚಹಾ ಅಲ್ಲೇ ಬಿಟ್ಟು ಓಡಿದ. ಗುಳೆಯವರನ್ನು ದಾಟಿ, ಕಿಟಕಿಯೊಳಗೆ ಟವೆಲ್ ಎಸೆದು ಕೂಗಿದ:

"ಆ ಸೀಟು ನಮ್ದು! ಯಾರೂ ಕೂರಬ್ಯಾಡ್ರಿ!"

ಮೇಷ್ಟ್ರು ಅವನ ಚಹಾವನ್ನೂ ಕುಡಿದರು.