ಶುಂಠಿಯ ವಂಶಾವಳಿ

“ಜಿಂಜರ್ ಅಂದ್ರೆ ‘ಜನಜ್ವರ’ ಕಣ್ರೋ! ಜನರ ಜ್ವರ ಬಿಡಿಸೋದು. ಇಂಗ್ಲಿಷ್‌ನೋರು ನಮ್ಮಿಂದ ಕದ್ದಿದ್ದು.” ಸೀನ ಮೊಬೈಲ್ ಎತ್ತಿ ಹಿಡಿದ.

“ನಿನ್ನೆ ಬ್ಯಾಚಲರ್‌ನ ‘ಬಚ್ಚಲು’ ಮಾಡಿದ್ದೆ. ಇವತ್ತು ಶುಂಠಿ ಟೀ ಕುಡಿಯೋಕೂ ಬಿಡಲ್ವಲ್ಲ,” ಅಂದ ನಾಣಿ.

ರಾಯರು ಲೋಟ ಕೆಳಗಿಟ್ಟರು. “ನಿನ್ನ ಗ್ರಹಚಾರ ನೋಡು ಸೀನ. ಪದ ಹೋಗಿದ್ದು ನಮ್ಮ ಕಡೆಯಿಂದಲೇ. ನಿಜ ಅಷ್ಟು ಸೊಗಸಾಗಿರುವಾಗ ಸುಳ್ಳು ಯಾಕೆ ಹುಟ್ಟಿಸ್ತೀಯೋ? ತಮಿಳು, ಮಲಯಾಳಂನೋರು ಇಂಜಿ ಅಂತಾರಲ್ಲ, ಅದಕ್ಕೆ ವೇರ್, ಅಂದ್ರೆ ಬೇರು, ಸೇರಿಸಿದ್ದು. ಇಂಜಿಯ ಶುರುವಲ್ಲಿ ಒಂದು ಕಾಲಕ್ಕೆ ಚಕಾರ ಇತ್ತು, ಆಮೇಲೆ ಉದುರಿತು ಅನ್ನೋದು ಭಾಷಾಶಾಸ್ತ್ರಜ್ಞರ ಲೆಕ್ಕ. ಅದಕ್ಕೇ ಪಾಲಿಯಲ್ಲಿ ಸಿಂಗಿವೇರ. ಅಲ್ಲಿಂದ ಗ್ರೀಕಿನ ಜಿಂಗಿಬೆರಿಸ್, ಲ್ಯಾಟಿನ್ನಿನ ಜಿಂಗಿಬೆರ್. ಆಮೇಲೆ ಸ್ಪೇನಿನವರು ಹೆಂಗೀಬ್ರೆ, ರಷ್ಯನ್ನರು ಇಂಬೀರ್, ಫಿನ್ನಿಷ್‌ನೋರು ಇಂಕಿವ್ಯಾರಿ, ಜರ್ಮನ್ನರು ಇಂಗ್ವರ್...”

“ಇಂಗು ಪ್ಲಸ್ ವರ!” ಸೀನ ಹಾರಿದ.

“ಇಂಗು ತಿಂದ ಮಂಗ,” ಅಂದ ನಾಣಿ.

“ಅಲ್ಲ ರಾಯರೇ, ಇಂಗ್ವರ್, ಇಂಜಿವೇರ್. ಜರ್ಮನ್ನರು ನೇರವಾಗಿ ತಮಿಳುನಾಡಿಂದಲೇ ಎತ್ತಿಕೊಂಡು ಹೋದ ಹಾಗಿದೆ!” ಸೀನ ಬಿಡಲಿಲ್ಲ.

“ಎಲ್ಲರೂ ಎಡವೋದು ಅಲ್ಲೇ. ಹಳೇ ಜರ್ಮನ್‌ನಲ್ಲಿ ಅದು ಗಿಂಗಿಬೆರೊ. ಲ್ಯಾಟಿನ್ನಿಂದ ಬಂದ ಮೇಲೆ ತಲೆ ಕಳಕೊಂಡಿತು. ಮುಖ ನೋಡಿ ಮದುವೆ ಮಾಡಬೇಡ. ಮೊದಲು ಹಳೇ ಬರಹದಲ್ಲಿ ಪದ ಹೇಗಿತ್ತು ನೋಡು. ಆಮೇಲೆ ನೀನು ಹೇಳೋ ಉಚ್ಚಾರದ ಬದಲಾವಣೆ ಬೇರೆ ಪದದಲ್ಲೂ ಆಗಿದೆಯಾ ನೋಡು. ತಮಿಳಿನ ವಿಲ್ ನಮ್ಮಲ್ಲಿ ಬಿಲ್ಲು, ವಂಡಿ ಬಂಡಿ, ವೇರ್ ಬೇರು. ಮೂರರಲ್ಲೂ ವಕಾರ ಬಕಾರ ಆಗಿದೆ. ಇದಕ್ಕೆ ಸಾಕ್ಷಿ ಅಂತಾರೆ. ಇಂಗ್ಲಿಷಿನ ಮಚ್, ಸ್ಪ್ಯಾನಿಷಿನ ಮೂಚೊ ಎರಡಕ್ಕೂ ‘ಬಹಳ’ ಅಂತಲೇ ಅರ್ಥ, ರೂಪವೂ ಒಂದೇ. ಆದರೆ ನೆಂಟರೇ ಅಲ್ಲ. ಜಿಂಜರ್ಲಿ ಅಂದ್ರೆ ಮೆಲ್ಲಗೆ ಅಂತ. ಅದಕ್ಕೂ ಶುಂಠಿಗೂ ಸಂಬಂಧವಿಲ್ಲ.”

“ಶುಂಠಿಗೂ ಶುಂಠನಿಗೂ?”

“ಪದಗಳ ಮಾತು ಬಿಡು, ಈ ಬೆಂಚಿನ ಮೇಲಂತೂ ಇದೆ.”

ಸೀನ ಮುಖ ಊದಿಸಿದ. ರಾಯರಿಗೆ ಕನಿಕರ ಬಂತು.

“ನಿನ್ನ ಕಾಯಿಲೆ ಹಳೇದೇ ಬಿಡು. ಸಂಸ್ಕೃತದ ಪಂಡಿತರು ಈ ಪದವನ್ನ ‘ಶೃಂಗವೇರ’ ಮಾಡಿ, ಕೊಂಬಿನಂಥ ಮೈಯುಳ್ಳದ್ದು ಅಂತ ಅರ್ಥ ಹಚ್ಚಿದರು. ಇಂಗ್ಲಿಷರು ಫ್ರೆಂಚಿನ ಜಿಂಜೆಂಬ್ರಾಸ್, ಅಂದ್ರೆ ಪಾಕ ಹಾಕಿಟ್ಟ ಶುಂಠಿ, ಅದರ ಬಾಲ ಅರ್ಥವಾಗದೆ ‘ಬ್ರೆಡ್’ ಮಾಡಿಕೊಂಡರು. ಜಿಂಜರ್‌ಬ್ರೆಡ್ ಹುಟ್ಟಿದ್ದು ಹಾಗೆ. ಅವರ ಕೈಯಲ್ಲಿ ಮೊಬೈಲ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.”

“ಕನ್ನಡದ ಪಾಲೇನು ಹಾಗಾದ್ರೆ?”

“ಬೇರು ಮಾತ್ರ, ಅದೂ ದಾಯಾದಿ ಲೆಕ್ಕದಲ್ಲಿ. ಶುಂಠಿ ಸಂಸ್ಕೃತದ್ದು. ಧಾರವಾಡದ ಕಡೆ ಹಸಿ ಶುಂಠಿಗೆ ಅಲ್ಲ.”

“ಅಲ್ಲವಾ? ಮತ್ತೇನಂತಾರೆ?”

“ಅಲ್ಲ ಅಂತಾರೆ.”

“ಅದೇ, ಅಲ್ಲ ಅಂದ್ರೆ ಏನಂತಾರೆ?”

ಈ ಗೊಂದಲ ಬಿಡಿಸೋಕೆ ಇನ್ನೊಂದು ಸುತ್ತು ಟೀ ಬೇಕಾಯಿತು.

“ರೋಮನ್ನರ ಕಥೆ ಇನ್ನೂ ಮಜಾ,” ರಾಯರು ಮುಂದುವರಿಸಿದರು. “ಮೊದಲನೇ ಶತಮಾನದಲ್ಲಿ ಪ್ಲಿನಿ ಅನ್ನೋ ಲೇಖಕ ಬರೀತಾನೆ: ಶುಂಠಿ ಕರಿಮೆಣಸಿನ ಗಿಡದ ಬೇರು ಅಂತ ಕೆಲವರು ತಿಳಿದಿದ್ದಾರೆ, ಅದಲ್ಲ ಅಂತ. ಬೆಲೆ ಪೌಂಡಿಗೆ 6 ದಿನಾರಿ, ಕರಿಮೆಣಸು 4. ಗಿಡ ಹೇಗಿದೆ ಅಂತ ನೋಡದೇ ಇದ್ದೋರು ಬೆಲೆ ಮಾತ್ರ ಕರಾರುವಾಕ್ಕಾಗಿ ಬರೆದಿಟ್ಟರು. ಮಣ್ಣಲ್ಲಿ ಕೂತು ಅಗೆದು, ‘ಇದು ಇಂಜಿ ಬೇರು’ ಅಂತ ವ್ಯಾಪಾರಿ ಕೈಗೆ ಕೊಟ್ಟೋನು ಯಾರೋ. ಅವನ ಮಾತು ಫಿನ್ಲೆಂಡ್ ತನಕ ಹೋಯಿತು, ಅವನ ಹೆಸರು ಹೊಲದ ಬದು ದಾಟಲಿಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸೀನ ಮಾತ್ರ ಏನೋ ಟೈಪ್ ಮಾಡ್ತಿದ್ದ.

“ರಾಯರೇ, ದಿನಾರಿ ಅಂದ್ರೆ ದಿನಕ್ಕೆ ಆರು! ಅದಕ್ಕೇ ಬೆಲೆ 6!”

“ಅಯ್ಯೋ, ಅದು ಲ್ಯಾಟಿನ್ನಿನ ಹತ್ತರ ಲೆಕ್ಕದಿಂದ ಬಂದ ನಾಣ್ಯ ಕಣೋ! ಸಂಸ್ಕೃತದ ದೀನಾರ ಬಂದಿದ್ದೇ ಅಲ್ಲಿಂದ. ಈ ಸಲ ಸಾಲ ತಂದಿದ್ದು ನಾವು!”

“ತಡ ಆಯ್ತು,” ಅಂದ ನಾಣಿ, ತನ್ನ ಫೋನ್ ನೋಡುತ್ತಾ. “ನನಗೇ ಎರಡು ಗ್ರೂಪಿಂದ ಬಂತು.”