ನೋಟೋಕಾರ್ಡ್‌ಗೆ ಕನ್ನಡದಲ್ಲಿ ಏನನ್ನೋದು? ಬೆನ್ನುಹುರಿ ಅನ್ನೋಕಾಗಲ್ಲ, ಹಂಗಾದ್ರೆ?

ಎಲ್ರಿಗೂ ನಮಸ್ಕಾರ. ಮಂಡ್ಯದ ಹತ್ರ ಒಂದು ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತೀನಿ, ಕನ್ನಡ ಮೀಡಿಯಂ. ಪ್ರಾಣಿಗಳ ವರ್ಗೀಕರಣದ ಪಾಠ ಬಂದಾಗೆಲ್ಲ ಗಾಡಿ ಒಂದೇ ಕಡೆ ನಿಂತೋಗತ್ತೆ, ಕಾರ್ಡೇಟಾ ಅನ್ನೋ ಹೆಸರಿನ ಹತ್ರ. ಬದುಕಿನ ಯಾವುದಾದ್ರೂ ಹಂತದಲ್ಲಿ ಬೆನ್ನ ಕಡೆ ನೋಟೋಕಾರ್ಡ್ ಅನ್ನೋ ಬಳುಕೋ ಕೋಲು ಇರೋ ಪ್ರಾಣಿಗಳ ಗುಂಪು ಅದು, ಹೆಸರು ಬಂದಿದ್ದೂ ಅದ್ರಿಂದಲೇ. ಈ ಸಲ ಒಬ್ಬ ಹುಡುಗ ಎದ್ದು "ಕಾರ್ಡಿಯಾಕ್ ಅಂದ್ರೆ ಹಾರ್ಟು ಅಲ್ವಾ ಸಾ, ಅಂಗಾರೆ ಕಾರ್ಡೇಟಾ ಅಂದ್ರೆ ಹಾರ್ಟ್ ಇರೋ ಪ್ರಾಣಿನಾ" ಅಂತ ಕೇಳ್ದ. ಇನ್ನೊಬ್ಳು ರೇಷನ್ ಕಾರ್ಡಿನ ಕಾರ್ಡು ಅಂದ್ಕೊಂಡಿದ್ಳು. ಮಕ್ಕಳ ತಪ್ಪಲ್ಲ, ಕನ್ನಡ ಲಿಪೀಲಿ ಬರೆದ್ರೆ ಮೂರೂ ಕಾರ್ಡೇ.

ಮೂಲ ಪದ ಗ್ರೀಕಿನದು. ಖೊರ್ಡೆ ಅಂದ್ರೆ ಕರುಳು, ಕರುಳು ಹೊಸೆದು ಮಾಡಿದ ವಾದ್ಯದ ತಂತಿ. ನೋಟೋನ್ ಅಂದ್ರೆ ಬೆನ್ನು. ಅಲ್ಲಿಗೆ ನೋಟೋಕಾರ್ಡ್ ಅನ್ನೋದನ್ನ ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದ್ರೆ ಸರಿಯಾಗಿ ಬರೋದು ಬೆನ್ನುಹುರಿ. ಆದ್ರೆ ಆ ಪದ ಆಗ್ಲೇ ಬೇರೆಯವರ ಪಾಲಾಗಿದೆ, ಡಾಕ್ಟ್ರು, ಪೇಪರ್‌ನವರು, ಪಠ್ಯಪುಸ್ತಕ ಎಲ್ರೂ ಸ್ಪೈನಲ್ ಕಾರ್ಡಿಗೇ ಬೆನ್ನುಹುರಿ ಅನ್ನೋದು. ಎರಡೂ ಬೇರೆ ಬೇರೆ ವಸ್ತು, ಬೆನ್ನುಹುರಿ ನರದ್ದು, ಒಳಗೆ ಟೊಳ್ಳು, ನೋಟೋಕಾರ್ಡ್ ಅದ್ರ ಕೆಳಗೆ ಮಲಗಿರೋ ಗಟ್ಟಿ ಕೋಲು, ಅದ್ರಲ್ಲಿ ನರ ಇಲ್ಲ, ಮೂಳೆನೂ ಇಲ್ಲ. ಕಷ್ಟ ಏನಪ್ಪಾ ಅಂದ್ರೆ ಕಾರ್ಡೇಟ್ ಅನ್ನಿಸ್ಕೊಳ್ಳೋಕೆ ಎರಡೂ ಬೇಕು, ಹಂಗಾಗಿ ಒಂದೇ ವಾಕ್ಯದಲ್ಲಿ ಎರಡೂ ಬರತ್ತೆ, ಒಂದಕ್ಕೆ ಬೆನ್ನುಹುರಿ ಅಂದ್ರೆ ಇನ್ನೊಂದಕ್ಕೆ ಏನನ್ನೋದು?

ಕೆಲವ್ರು ಸಲೀಸಾಗಿ ಕಾರ್ಡೇಟಾ ಅಂದ್ರೆ ಕಶೇರುಕಗಳು ಅಂತ ಬರೆದ್ಬಿಡ್ತಾರೆ. ಇದನ್ನ ನಾನು ಒಪ್ಪಲ್ಲ. ಕಶೇರುಕ ಅಂದ್ರೆ ಬೆನ್ನುಮೂಳೆ, ಆದ್ರೆ ಬೆನ್ನುಮೂಳೆನೇ ಇಲ್ದಿರೋ ಕಾರ್ಡೇಟ್‌ಗಳು ಇವೆ. ಸಮುದ್ರದ ಮರಳಲ್ಲಿ ಹೂತ್ಕೊಂಡಿರೋ ಬೆರಳುದ್ದದ ಆಂಫಿಆಕ್ಸಸ್ ಇದೆಯಲ್ಲ, ಅದಕ್ಕೆ ಸಾಯೋ ತನಕ ನೋಟೋಕಾರ್ಡೇ ಆಧಾರ. 1774ರಲ್ಲಿ ಪಲ್ಲಾಸ್ ಅನ್ನೋ ಪ್ರಾಣಿವಿಜ್ಞಾನಿ ಅದನ್ನ ಮೊದಲು ವರ್ಣಿಸಿದಾಗ ಗೊಂಡೆಹುಳದ (ಚಿಪ್ಪಿಲ್ಲದ ಬಸವನಹುಳದ) ಜಾತಿ ಅಂತ ಸೇರಿಸಿದ್ರು. ಬಂಡೆಗೆ ಅಂಟ್ಕೊಂಡು ಚೀಲದ ಥರ ಕೂತಿರೋ ಸೀ ಸ್ಕ್ವರ್ಟ್‌ನ ಕಪ್ಪೆಚಿಪ್ಪಿನ ಬಳಗ ಅಂತಿದ್ರು, 1866ರಲ್ಲಿ ರಷ್ಯಾದ ವಿಜ್ಞಾನಿ ಕೊವಲೆವ್‌ಸ್ಕಿ ಅದ್ರ ಮರೀನ ನೋಡಿದ ಮೇಲೆ ಗೊತ್ತಾಯ್ತು, ಮರಿ ಈಜಾಡುವಾಗ ಬಾಲದಲ್ಲಿ ನೋಟೋಕಾರ್ಡ್ ಇದೆ, ಬಂಡೆ ಹಿಡಿದ ಮೇಲೆ ಬಾಲದ ಜೊತೆ ಅದೂ ಕರಗೋಗತ್ತೆ. ಹಂಗೆ ಬದುಕೋವು ಸುಮಾರು 3000 ಜಾತಿ ಇವೆ. ಅವನ್ನೆಲ್ಲ ಹೊರಗೆ ಹಾಕಿ ಕಶೇರುಕ ಅನ್ನೋದು ಹೆಂಗೆ?

ಮಕ್ಕಳಿಗೆ ಇದನ್ನ ತೋರ್ಸೋಕೆ ಸಮುದ್ರಕ್ಕೆ ಹೋಗ್ಬೇಕಾಗಿಲ್ಲ. ವಿ.ಸಿ. ನಾಲೆ ನೀರು ಬಿಟ್ಟಾಗ ಗದ್ದೆ ಬದೀಲಿ ಗೊದಮೊಟ್ಟೆ ತುಂಬ್ಕೊಂಡಿರ್ತವೆ. ಒಂದನ್ನ ಗಾಜಿನ ಲೋಟಕ್ಕೆ ಬಿಟ್ಕೊಂಡು ಬಿಸಿಲಿಗೆ ಹಿಡಿದ್ವಿ. ಬಾಲದ ಅಂಚು ಗಾಜಿನ ಥರ ಪಾರದರ್ಶಕ, ನಡುವೆ ಮಾಂಸದ ಪಟ್ಟಿ ಉದ್ದಕ್ಕೂ ಹೋಗತ್ತೆ. ಆ ಬಾಲದಲ್ಲಿ ಒಂದೇ ಒಂದು ಮೂಳೆ ಇಲ್ಲ, ಆದ್ರೂ ಬಳುಕತ್ತೆ, ಮಡಚ್ಕೊಂಡು ಬೀಳಲ್ಲ, ಒಳಗೆ ನೋಟೋಕಾರ್ಡ್ ಇರೋದ್ರಿಂದ. ಕಪ್ಪೆ ಆಗುವಾಗ ಬಾಲದ ಜೊತೆ ಅದೂ ಹೋಗತ್ತೆ. "ಮೂಳೆ ಇಲ್ದೆ ಎಂಗ್ ಸಾ ನೆಟ್ಟಗಿರ್ತದೆ" ಅಂತ ಅದೇ ಹುಡುಗ ಕೇಳ್ದ. ಆಗ ನನಗೆ ಥಟ್ಟಂತ ಹೊಳೆದಿದ್ದು ದಂಟು. ಸಂತೇಲಿ ಬೆಳಗ್ಗೆ ತಂದ ದಂಟಿನ ಸೊಪ್ಪು ನೆಟ್ಟಗಿರತ್ತೆ, ಮುರಿದ್ರೆ ಪಟ್ ಅನ್ನತ್ತೆ, ಸಂಜೆಗೆ ನೀರು ಆರಿ ಜೋತ್ಬೀಳತ್ತೆ. ಅದ್ರಲ್ಲಿ ಮೂಳೆ ಇಲ್ವಲ್ಲ, ನೀರು ತುಂಬಿದ ಕೋಶಗಳು ಒತ್ಕೊಂಡು ನಿಂತಿರೋದೇ ಅದ್ರ ಬಲ. ನೋಟೋಕಾರ್ಡೂ ಹಂಗೇನೇ, ನೀರು ತುಂಬಿ ಉಬ್ಬಿದ ಕೋಶಗಳು, ಸುತ್ತ ಬಿಗಿಯಾದ ಒಂದು ಕವಚ, ಒಳಗಿಂದ ಒತ್ತಡ ಹೊರಗಿಂದ ಬಿಗಿ.

ಹಂಗಾಗಿ ನಾನು ಬೆನ್ನುದಂಟು ಅಂತ ಹೇಳೋಕೆ ಶುರು ಮಾಡಿದೀನಿ. ತಮಿಳಲ್ಲಿ ಬೆನ್ನುಮೂಳೆಗೆ ಮುದುಗುತ್ತಂಡು ಅಂತಾರೆ, ಆ ತಂಡೂ ನಮ್ಮ ದಂಟೂ ಒಂದೇ ಬೇರಿನವು. ಜೊತೆಗೆಲಸದವರೊಬ್ರು ಬೆನ್ನುಸರಳು ಅಂತ ಸೂಚಿಸಿದ್ರು, ಆದ್ರೆ ಸರಳು ಅಂದ್ರೆ ಕಿಟಕಿಯ ಕಬ್ಬಿಣ ಕಣ್ಮುಂದೆ ಬರತ್ತೆ, ಅದು ಬಳುಕಲ್ಲ. ನಮ್ಮಲ್ಲೂ ನೋಟೋಕಾರ್ಡ್ ಪೂರ್ತಿ ಮಾಯ ಆಗಿಲ್ಲ, ಬೆನ್ನುಮೂಳೆಗಳ ನಡುವಿನ ಡಿಸ್ಕಿನ ಒಳಗಿರೋ ಲೋಳೆ ಇದ್ಯಲ್ಲ, ಅದು ಭ್ರೂಣದಲ್ಲಿದ್ದ ಆ ಕೋಲಿಂದಲೇ ಬಂದದ್ದು. ಡಿಸ್ಕ್ ಜಾರಿದೆ ಅಂತ ಮಲಗಿರೋರಿಗೆ ನರ ಒತ್ತೋದು ಎಷ್ಟೋ ಸಲ ಆಚೆ ಉಬ್ಬಿದ ಆ ಲೋಳೆನೇ.

ಕಾರ್ಡೇಟ್‌ಗಳ ಉಳಿದ ಲಕ್ಷಣಗಳು, ಅಂದ್ರೆ ಗಂಟಲ ಪಕ್ಕದ ಸೀಳುಗಳು, ಬಾಲ, ಬೆನ್ನ ಕಡೆಯ ನರದ ಹುರಿ, ಇವುಗಳ ಪದದಲ್ಲೂ ಸ್ವಲ್ಪ ತಕರಾರಿದೆ. ಕಿವಿರು ಸೀಳು ಅಂತ ಬರೀತಾರೆ, ಆದ್ರೆ ಆಂಫಿಆಕ್ಸಸ್ ಅವನ್ನ ಮುಖ್ಯವಾಗಿ ಆಹಾರ ಸೋಸೋಕೆ ಬಳಸತ್ತೆ, ಅದಕ್ಕೆ ಗಂಟಲ ಸೀಳು ಅನ್ನೋದೇ ವಾಸಿ. ಬಾಲ ಅಂದ್ರೆ ಗುದ ದಾಟಿದ ಮೇಲೆ ಉಳಿಯೋ ಭಾಗ, ಎರೆಹುಳಕ್ಕೆ ಗುದ ಇರೋದೇ ತುದೀಲಿ, ಅದಕ್ಕೆ ಬಾಲ ಇಲ್ಲ. ಇನ್ನು ನರ ಅನ್ನೋ ಪದ. ಸಿಗಡಿ ಕ್ಲೀನ್ ಮಾಡುವಾಗ ಬೆನ್ನಿಂದ ಎಳೆದು ತೆಗೆಯೋ ಕರೀ ದಾರಕ್ಕೆ ನಮ್ಮನೇಲೂ ನರ ಅಂತಾರೆ, ಅದು ಕರುಳು. ಸಿಗಡಿಯ ನರದ ಹುರಿ ಹೊಟ್ಟೆ ಕಡೆ ಇರೋದು. ನಮ್ಮಲ್ಲಿ, ಮೀನಲ್ಲಿ, ಹಾವಲ್ಲಿ, ರಂಗನತಿಟ್ಟಿನ ಮೊಸಳೆ ಹಕ್ಕಿ ಬಾವಲಿ ಎಲ್ಲದ್ರಲ್ಲೂ ಅದು ತಿರುಗುಮುರುಗು, ನರದ ಹುರಿ ಬೆನ್ನ ಕಡೆ, ಕರುಳು ಕೆಳಗೆ. ಈ ಒಂದು ವ್ಯತ್ಯಾಸನ ಮಕ್ಕಳು ಮರೆಯಲ್ಲ, ಅಡಿಗೆಮನೇಲೇ ನೋಡಿರ್ತಾರೆ.

ಈಗ ನನ್ನ ಪ್ರಶ್ನೆ. ಬೆನ್ನುದಂಟು ಅಂತ ಯಾರಾದ್ರೂ ಮೊದ್ಲೇ ಬಳಸಿದ್ದು ನೋಡಿದೀರಾ, ಅಥವಾ ಆ ಪದ ಬೇರೆ ಏನಕ್ಕಾದ್ರೂ ನಿಮ್ಮ ಕಡೆ ನಡೀತಾ ಇದ್ಯಾ? ಕಾವೇರೀಲಿ ಮೀನು ಹಿಡಿಯೋರು, ಕರಾವಳಿಯೋರು, ಮೀನಿನ ನಡುಮುಳ್ಳಿಗೆ ಒಂದು ಹೆಸರು, ಅದ್ರ ಮಣಿಗಳ ನಡುವಿನ ಲೋಳೆಗೆ ಇನ್ನೊಂದು ಹೆಸರು ಇಟ್ಕೊಂಡಿದ್ರೆ ದಯವಿಟ್ಟು ಬರೀರಿ, ಆ ಲೋಳೆಗೆ ಹೆಸರಿದ್ರೆ ಅದೇ ನಂಗೆ ಬೇಕಾಗಿರೋದು.